ಹೊಂದಿದವರು, ಹೊಂದಿಕೊಂಡವರು

ಬರುವ ತಿಂಗಳು ಮಗಳ ಮದುವೆ. ಹಳೆಯ ಸೀರೆಗಳಿಗಾಗಿ ಅಮ್ಮನ ಟ್ರಂಕು ತೆಗೆದರೆ, ತಳದಲ್ಲಿ ಹಾಸಿದ್ದ 1968ರ ಪತ್ರಿಕೆ ಸಿಕ್ಕಿತು. ಸೀರೆ ಬಿಟ್ಟು ಓದುತ್ತ ಕುಳಿತೆ. ಒಂದೇ ಪುಟದಲ್ಲಿ ಎಷ್ಟು ಬಗೆಯ ‘ಹೊಂದಿದರು’! ತಹಸೀಲ್ದಾರರು ಬಡ್ತಿ ಹೊಂದಿದರು, ಹೆಡ್‌ಮಾಸ್ತರರು ನಿವೃತ್ತಿ ಹೊಂದಿದರು, ಬಸ್ಸು ಉರುಳಿ ಎಂಟು ಮಂದಿ ಗಾಯ ಹೊಂದಿದರು, ಹಿರಿಯ ವಕೀಲರು ನಿಧನ ಹೊಂದಿದರು. ಸಾವನ್ನೂ ಬಡ್ತಿಯಂತೆ ಕೈನೀಡಿ ಪಡೆದ ಹಾಗೆ! ನಗುವಂತಿಲ್ಲ ಬಿಡಿ, ಹಳಗನ್ನಡದ ‘ಪೊಂದು’ ಎಂಬುದಕ್ಕೆ ಸೇರು, ಪಡೆ ಎಂಬುದರ ಜೊತೆಗೆ ಸಾಯು ಎಂಬ ಅರ್ಥವೂ ಉಂಟು.

ಆ ಪುಟದಲ್ಲಿ ಹೆಂಗಸರ ಹೆಸರು ಹುಡುಕಿದೆ. ಒಂದೂ ಇರಲಿಲ್ಲ. ನಮ್ಮ ಪಾಲಿಗೆ ಬಂದದ್ದೂ ಅದೇ ಕ್ರಿಯಾಪದ, ಬಾಲ ಮಾತ್ರ ಬೇರೆ: “ಹೊಂದಿಕೊಂಡು ಹೋಗಮ್ಮ.” ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅಮ್ಮ ಹೇಳಿದ್ದೂ ಇದನ್ನೇ. ಹನ್ನೊಂದು ಜನರ ಮನೆಯಲ್ಲಿ ಅವಳು ನಲವತ್ತು ವರ್ಷ ಹೊಂದಿಕೊಂಡಳು. ಬಡ್ತಿಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ತೀರಿಕೊಂಡಾಗ ಅಣ್ಣ ಪತ್ರಿಕೆಗೆ ಸುದ್ದಿ ಕೊಟ್ಟ. ಎರಡು ಸಾಲು ಅಚ್ಚಾಯಿತು: ನಿಧನ ಹೊಂದಿದರು. ಅಮ್ಮ ‘ಕೊಂಡು’ ಇಲ್ಲದೆ ಹೊಂದಿದ್ದು ಅದೊಂದನ್ನೇ.

ಪತ್ರಿಕೆಯನ್ನು ಮತ್ತೆ ಟ್ರಂಕಿನ ತಳಕ್ಕೇ ಹಾಸಿದೆ. ಮಗಳಿಗೆ ಹೇಳಬೇಕಾದ ಆ ಮಾತು ಮಾತ್ರ ಇನ್ನೂ ಬಾಯಿಂದ ಹೊರಡುತ್ತಿಲ್ಲ.