ಸಂತೆಯ ಸದ್ದು, ಅಕ್ಕನ ಸಮಾಧಾನ



ಬೆಟ್ಟ, ಕಡಲ ತಡಿ, ಸಂತೆ – ಈ ಮೂರು ಎಡೆಗಳ ಮನೆಯನ್ನು ದೃಷ್ಟಾಂತವಾಗಿರಿಸಿ ಅಕ್ಕಮಹಾದೇವಿ ನುಡಿದ ವಚನವನ್ನು ಅರಿಯದವರು ನಮ್ಮಲ್ಲಿ ವಿರಳ. ಮೃದು ಮನಸ್ಸಿನವರಿಗೆ ಬುದ್ಧಿ ಹೇಳಲು ಈ ವಚನವನ್ನೇ ಬಳಸುವುದುಂಟು. ಚಿಕ್ಕಂದಿನಲ್ಲಿ ಹಿರಿಯರೊಬ್ಬರು ನನಗೂ ಇದನ್ನು ಹೇಳಿ, 'ಇಷ್ಟಕ್ಕೆಲ್ಲ ಅಳುವವನು ಲೋಕದಲ್ಲಿ ಬಾಳುವುದೆಂತು?' ಎಂದಿದ್ದರು. ಜಾತ್ರೆಯ ಧ್ವನಿವರ್ಧಕ, ದಾಸೋಹದ ತಟ್ಟೆಗಳ ಸಪ್ಪಳ, ಪರರ ಮುಖದಲ್ಲಿ ಸುಳಿಯುವ ಸಣ್ಣ ಬೇಸರ – ಇವು ಇಂದಿಗೂ ನನ್ನನ್ನು ಇತರರಿಗಿಂತ ಬೇಗ ತಟ್ಟುತ್ತವೆ.

ಅಮೆರಿಕದ ಮನೋವಿಜ್ಞಾನಿ ಎಲೇನ್ ಆರನ್ ಅವರು 1996ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂತಹವರನ್ನು ಅತಿ ಸಂವೇದನಾಶೀಲರೆಂದು ಕರೆದರು. ಇದು ರೋಗವಲ್ಲ, ಹುಟ್ಟುಗುಣ. ಶೇಕಡ 15ರಿಂದ 20ರಷ್ಟು ಜನರಲ್ಲಿ ಇರಬಹುದೆಂಬುದು ಅವರ ಅಂದಾಜು. ಇಂತಹವರು ಕಂಡದ್ದನ್ನೂ ಕೇಳಿದ್ದನ್ನೂ ಆಳವಾಗಿ ಮಥಿಸುವರು. ಆದ್ದರಿಂದಲೇ ಬೇಗ ದಣಿಯುವರು.

ಈ ಅರಿವಿನೊಡನೆ ಆ ವಚನವನ್ನು ಮತ್ತೆ ಓದೋಣ. ಸಂತೆಯ ಸದ್ದು ಕೇಳಿಸಲೇಬಾರದೆಂದು ಅಕ್ಕ ಎಲ್ಲಿಯೂ ಹೇಳಿಲ್ಲ. ಅದಕ್ಕಾಗಿ ನಾಚಿಕೆ ಸಲ್ಲದು, ಹೊಗಳಿಕೆ ತೆಗಳಿಕೆಗಳು ಬಂದಾಗ ಸಿಟ್ಟಿಗೆ ಎಡೆಗೊಡದೆ ಮನವನ್ನು ನೆಲೆಯಲ್ಲಿರಿಸಬೇಕು ಎಂಬುದಷ್ಟೇ ಆಕೆಯ ಬೋಧೆ. ಕೇಳಿಸುವುದು ಬೇರೆ, ಕೆರಳುವುದು ಬೇರೆ. ಮೊದಲನೆಯದು ಸ್ವಭಾವ, ಅದನ್ನು ಅಳಿಸಲಾಗದು. ಎರಡನೆಯದನ್ನು ಸಾಧನೆಯಿಂದ ತಿದ್ದಿಕೊಳ್ಳಬಹುದು.

ಈ ಮಾತನ್ನಾಡಿದ ಅಕ್ಕನಾದರೂ ಎಂಥವಳು? ಗಿಳಿ, ಕೋಗಿಲೆ, ದುಂಬಿ, ಹಂಸಗಳಲ್ಲಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದವಳು. ಕಲ್ಲೆದೆಯಲ್ಲಿ ಅಂತಹ ನುಡಿ ಹುಟ್ಟದು. ಅವಳೇ ಉಡುತಡಿಯನ್ನು ತೊರೆದು ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದವಳು. ಮೃದುತ್ವವೂ ಧೈರ್ಯವೂ ಒಂದೇ ಎದೆಯಲ್ಲಿ ನೆಲೆಸಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಜಾತ್ರೆಯ ದಿನಗಳಲ್ಲಿ ನಾನು ಗ್ರಂಥಭಂಡಾರದ ಸೇವೆಯನ್ನು ಕೇಳಿ ಪಡೆಯುತ್ತೇನೆ. ರಥೋತ್ಸವಕ್ಕೂ ಹೋಗುತ್ತೇನೆ, ಹೋಗುವ ಮುನ್ನ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕೆಲಹೊತ್ತು ಮೌನವಾಗಿರುತ್ತೇನೆ. ಅದರಿಂದ ಹೊರಗಿನ ಸದ್ದು ತಗ್ಗುವುದಿಲ್ಲ, ತಾಳುವ ಬಲ ದೊರೆಯುತ್ತದೆ. ಮಠಕ್ಕೆ ಬಂದವರ ದುಃಖವು ಅವರು ಬಾಯಿ ತೆರೆಯುವ ಮುನ್ನವೇ ಎಷ್ಟೋ ಬಾರಿ ತಿಳಿಯುವುದೂ ಇದೇ ಸ್ವಭಾವದಿಂದ. ಇದನ್ನು ಕಳೆದುಕೊಳ್ಳಬೇಕೆಂಬ ಬಯಕೆ ನನಗೀಗ ಉಳಿದಿಲ್ಲ.

'ನಮ್ಮ ಮಗು ಎಲ್ಲಕ್ಕೂ ಅಳುತ್ತದೆ ಬುದ್ಧಿ' ಎಂದು ಪೂಜ್ಯರಲ್ಲಿ ಹೇಳಿಕೊಳ್ಳುವ ತಾಯಂದಿರಿದ್ದಾರೆ. ತಾಯಂದಿರೇ, ಆ ಮಗುವನ್ನು ಗದರಿಸಬೇಡಿ, ಅಣ್ಣತಮ್ಮಂದಿರೊಡನೆ ಹೋಲಿಸಬೇಡಿ. ಗದ್ದಲದಿಂದ ತುಸು ದೂರ ಕುಳ್ಳಿರಿಸಿ, ಅದರ ಮಾತನ್ನು ಕೊನೆಯವರೆಗೆ ಕೇಳಿ. ದಯೆಯನ್ನು ಧರ್ಮವೆಂದು ಬಗೆದ ಶರಣರ ಮಾರ್ಗಕ್ಕೆ ಅನ್ಯರ ನೋವು ತಟ್ಟುವ ಹೃದಯಗಳೂ ಬೇಕಲ್ಲವೇ?