ಹಳೆಯ ಗಾಡಿಯನ್ನು ಅರಸುತ್ತ ಘಟ್ಟದ ಕೆಳಗೆ

ಮಲೆನಾಡಿನಿಂದ ಕರಾವಳಿಗಿಳಿಯುವ ಹಾದಿಗಳಲ್ಲಿ ಆಗುಂಬೆಯ ಘಟ್ಟಕ್ಕಿರುವ ಹೆಸರು ದೊಡ್ಡದು. ಜನರು ಅಲ್ಲಿಗೆ ಸೂರ್ಯಾಸ್ತವನ್ನು ನೋಡಲು ಹೋಗುವರು; ಆಕಾಶವು ನಿರ್ಮಲವಾಗಿದ್ದ ದಿನ ಪಡುವಣ ಕಡಲು ಅಲ್ಲಿಂದಲೇ ಕಾಣುವುದು. ವರುಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಊರನ್ನು ದಾಟಿದೊಡನೆ ರಸ್ತೆಯು 14 ಹಿಮ್ಮುರಿ ತಿರುವುಗಳಲ್ಲಿ ಸುತ್ತಿ ಸುತ್ತಿ ಸೋಮೇಶ್ವರಕ್ಕೆ ಇಳಿಯುತ್ತದೆ. ಈ ಘಟ್ಟದ ಚೆಲುವನ್ನು ಬಣ್ಣಿಸಿದವರು ಬಹು ಮಂದಿ. ಮೋಟಾರುಗಾಡಿಯ ಗುಣದೋಷಗಳನ್ನು ತೂಗಿನೋಡುವ ತಕ್ಕಡಿಯೂ ಅದು ಆಗಬಲ್ಲುದೆಂಬುದನ್ನು ಯಾರೂ ಬರೆದಂತೆ ಕಾಣೆನು. ಮಕ್ಕಳನ್ನು ಪರಸ್ಥಳದ ಕಾಲೇಜಿಗೆ ಕಳುಹಿಸಿರುವ ವಾಚಕರಿಗೆ ಉಪಯೋಗವಾದೀತೆಂದು, ಕಳೆದ ಮಾರ್ಗಶಿರದಲ್ಲಿ ನಾವು ಮಾಡಿದ ಎರಡು ದಿನಗಳ ಪ್ರವಾಸದ ವೃತ್ತಾಂತವನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಮಗಳು ಮಣಿಪಾಲದಲ್ಲಿ ವೈದ್ಯವಿದ್ಯೆಯನ್ನು ಓದುತ್ತಿರುವಳು. ಮಣಿಪಾಲಕ್ಕೂ ಉಡುಪಿಗೂ ನಡುವೆ ಹಗಲಿನಲ್ಲಿ ಬಸ್ಸಿಗೆ ಬರಗಾಲವಿಲ್ಲ. ಬಸ್ಸು ಇರುವಲ್ಲಿ ವಿದ್ಯಾರ್ಥಿಗೆ ಗಾಡಿ ಬೇಡವೆಂಬುದೇ ನನ್ನ ಮತ. ಆದರೆ ಆಸ್ಪತ್ರೆಯ ಪಾಳಿ ಮುಗಿಸಿ ನಡುರಾತ್ರಿಯಲ್ಲಿ ಪರ್ಕಳದ ಬಾಡಿಗೆಯ ಕೋಣೆಗೆ ಹೋಗಬೇಕಾದ ಹೆಣ್ಣುಮಗಳಿಗೆ ಈ ಮತವನ್ನು ಬೋಧಿಸಿ ಫಲವೇನು? ಅವಳ ತಾಯಿಯೇ ವಿಷಯವನ್ನು ತೀರ್ಮಾನಿಸಿದಳು. ನನ್ನ ಕಳವಳ ಬೇರೆಯಾಗಿತ್ತು. ಗಾಡಿ ಕೈಗೆ ಬಂದ ಮೇಲೆ ಅವಳು ರಜೆಯಲ್ಲಿ ತೀರ್ಥಹಳ್ಳಿಗೆ ಬಾರದಿರುವಳೆ? ಬಂದರೆ ಈ ಘಟ್ಟವನ್ನೇ ಹತ್ತಿ ಬರಬೇಕು, ಇಳಿದು ಹೋಗಬೇಕು. ಆದುದರಿಂದ ಪರ್ಕಳಕ್ಕೆ ಸಾಕಾಗುವ ಗಾಡಿ ನಮಗೆ ಸಾಲದು.

ಇಟ್ಟಿದ್ದ ಹಣ ನಾಲ್ಕು ಲಕ್ಷ. ಅದನ್ನೆಲ್ಲ ಗಾಡಿಗೇ ಸುರಿಯದೆ ಟಯರು, ರಿಪೇರಿ, ವಿಮೆಗಳಿಗಾಗಿ ಒಂದಿಷ್ಟನ್ನು ಬದಿಗಿಟ್ಟೆವು. ಹಳೆಯ ಗಾಡಿಯನ್ನು ಕೊಳ್ಳುವವರು ಮರೆಯುವುದು ಈ ಪಾಲನ್ನೇ. ಗಾಡಿಯ ವಯಸ್ಸಿಗೂ ಒಂದು ಗೆರೆ ಎಳೆದೆವು: 2019ರ ಜುಲೈಗಿಂತ ಹಿಂದೆ ತಯಾರಾದುದು ಬೇಡ. ಬ್ರೇಕನ್ನು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು ಆ ವರುಷದ ಏಪ್ರಿಲಿನಲ್ಲಿ. ಚಾಲಕನ ಮುಂದಿನ ಗಾಳಿಚೀಲವು ಕಡ್ಡಾಯವಾದುದು ಜುಲೈಯಲ್ಲಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ದೇಶದ ಐದು ಚಿಕ್ಕ ಕಾರುಗಳನ್ನು ಗೋಡೆಗೆ ಡಿಕ್ಕಿ ಹೊಡೆಯಿಸಿ ಪರೀಕ್ಷಿಸಿದಾಗ ಐದಕ್ಕೂ ದೊರೆತುದು ಸೊನ್ನೆ. 2020ರ ಜನವರಿಯ ಪರೀಕ್ಷೆಯಲ್ಲಿ ಟಾಟಾ ಟಿಯಾಗೊ ಎಂಬ ಚಿಕ್ಕ ಗಾಡಿ ನಾಲ್ಕು ನಕ್ಷತ್ರಗಳನ್ನು ಪಡೆಯಿತು. ಮಾರುವವರು ಮೈಲೇಜನ್ನು ಹೇಳುವರು, ಹಾಡು ಕೇಳಿಸುವ ಪೆಟ್ಟಿಗೆಯನ್ನು ತೋರಿಸುವರು. ಈ ನಕ್ಷತ್ರಗಳ ಮಾತನ್ನು ನಾವೇ ಎತ್ತಬೇಕು.

ತೀರ್ಥಹಳ್ಳಿಯ ಪರಿಚಿತ ಮೆಕ್ಯಾನಿಕ್ಕು ಜೊತೆಗೆ ಬಂದನು. ಮನುಷ್ಯನ ನುಡಿಯಿಂದ ಅವನ ಸೀಮೆಯನ್ನು ಗುರುತಿಸುವಂತೆ ಗಾಡಿಯ ಮೈಯಿಂದ ಅದು ಬಾಳಿದ ನೆಲವನ್ನು ಗುರುತಿಸಬಹುದೆಂಬುದು ಅವನ ಸಿದ್ಧಾಂತ. ಘಟ್ಟವಿಳಿದು, ಹೆಬ್ರಿ ಪೆರ್ಡೂರುಗಳನ್ನು ಹಾಯ್ದು, ಮಗಳನ್ನು ಕರೆದುಕೊಂಡು ಮೊದಲು ಮಲ್ಪೆಗೆ ಹೋದೆವು.

ಬಂದರಿನ ಸಮೀಪದ ಒಂದು ಮನೆಯ ಅಂಗಳದಲ್ಲಿ ಆ ಗಾಡಿ ನಿಂತಿತ್ತು. ಕೆಂಪು ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಬೆಲೆಯೂ ಕಡಿಮೆ. "ಅಪ್ಪಯ್ಯ, ಇದೇ ಸಾಕು" ಎಂದಳು ಮಗಳು. ಮೆಕ್ಯಾನಿಕ್ಕು ಉತ್ತರ ಕೊಡದೆ ಜೇಬಿನಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಬಾಗಿಲ ಕೆಳಗಿನ ಅಂಚಿನಲ್ಲಿ ಸರಿಸುತ್ತ ಹೋದನು. ಎರಡು ಕಡೆ ಅದು ಅಂಟದೆ ಉದುರಿತು. ಅಲ್ಲಿ ತಗಡಿರಲಿಲ್ಲ, ಪಟ್ಟಿಯನ್ನು ಮೆತ್ತಿ ಬಣ್ಣ ಬಳಿದಿದ್ದರು. ನೆಲಕ್ಕೊರಗಿ ತಳವನ್ನು ನೋಡಿದರೆ ಜಾಕು ಕೊಡುವ ಅಂಚು ಹಪ್ಪಳದಂತೆ ಪದರು ಪದರಾಗಿ ಏಳುತ್ತಿತ್ತು. ಕಡಲ ಗಾಳಿಯಲ್ಲಿರುವ ಉಪ್ಪು ಕಬ್ಬಿಣದ ಮೇಲಿನ ತೇವದೊಡನೆ ಸೇರಿ ತುಕ್ಕನ್ನು ಬೇಗನೆ ಎಬ್ಬಿಸುತ್ತದೆ. ಅದು ಆರಂಭವಾಗುವುದೂ ಕಣ್ಣಿಗೆ ಬೀಳದೆಡೆಗಳಲ್ಲಿಯೆ. ಮೈಯ ತಗಡು ಕೊಳೆತಿದ್ದರೆ ಡಿಕ್ಕಿಯ ಪೆಟ್ಟನ್ನು ತಾಳುವುದಾವುದು? "ಮೇಲೆ ಮದುವೆಮನೆ, ಕೆಳಗೆ ಮಸಣ ಅಯ್ಯಾ" ಎಂದು ಅವನು ಮೆಲ್ಲಗೆ ಹೇಳಿದನು. ಕಡಲತೀರದ ಗಾಡಿಗಳೆಲ್ಲ ಹೀಗೆಯೇ ಎಂದಲ್ಲ. ನೆರಳಿನಲ್ಲಿ ನಿಲ್ಲಿಸಿ ತಳವನ್ನು ತೊಳೆಯುತ್ತಿದ್ದವರ ಗಾಡಿಗಳು ಅಲ್ಲಿಯೂ ದೃಢವಾಗಿರುತ್ತವೆ.

ಎರಡನೆಯದು ಉಡುಪಿಯ ಒಬ್ಬ ವ್ಯಾಪಾರಿಯಲ್ಲಿ. ಬೆಂಗಳೂರಿನ ನೋಂದಣಿ, ಓಡಿದುದು 38,000 ಕಿಲೋಮೀಟರೆಂದು ಮೀಟರು ಸಾರುತ್ತಿತ್ತು. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿತ್ತು. ಸ್ಟಿಯರಿಂಗು ಹಿಡಿಹಿಡಿದು ನುಣುಪಾಗಿತ್ತು. ಮೀಟರಿನ ಅಂಕಿಯನ್ನು ತಿದ್ದುವುದು ಸುಲಭ, ಕಾಲು ಸವೆಸಿದ ರಬ್ಬರನ್ನು ಮರೆಯುವುದರಿಂದ ಇಂಥ ಕಳ್ಳತನ ಹೊರಬೀಳುತ್ತದೆ. ಮಾಡಿದವರು ಯಾರೋ ತಿಳಿಯದು. ಸರ್ವೀಸಿನ ಕಾಗದಗಳನ್ನು ಕೇಳಿದೆವು, ಇಲ್ಲವೆಂದರು. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದುನೋಡಿದಾಗ ಒಳಗಿನ ಮೊಳದಷ್ಟು ಭಾಗ ಕೆಸರುಗಂದು ಬಣ್ಣಕ್ಕೆ ತಿರುಗಿತ್ತು. ಎಂದೋ ನೆರೆನೀರಿನಲ್ಲಿ ನಿಂತ ಗಾಡಿ ಅದು. ನೀರು ಹೊಕ್ಕ ಗಾಡಿಯ ತಂತಿಗಳು ಯಾವ ದಿನ ಕೈಕೊಡುವುವೋ ಬಲ್ಲವರಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಹೆಬ್ರಿಯಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರ ಮನೆಗೆ ಹೋದೆವು. ನಾವು ಬರುವ ಮೊದಲು ಎಂಜಿನ್ನನ್ನು ಚಾಲೂ ಮಾಡಬಾರದೆಂದು ಹೇಳಿಕಳುಹಿಸಿದ್ದೆವು. ತಣ್ಣನೆಯ ಎಂಜಿನ್ನು ಮಾತ್ರ ನಿಜವಾದ ಸದ್ದನ್ನು ಕೇಳಿಸುತ್ತದೆ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ತಂಪಾಗಿತ್ತು. ಗಾಡಿ 2020ರ ಟಿಯಾಗೊ, ಬೂದು ಬಣ್ಣ, ಒಬ್ಬನೇ ಒಡೆಯ. ಒಂದು ಬಾಗಿಲಿಗೆ ಗೇಟು ತಗುಲಿದ ಗೀರು ಹಾಗೆಯೇ ಇತ್ತು. ಮುಚ್ಚಿಡದ ಆ ಗೀರನ್ನು ಕಂಡು ನನಗೆ ವಿಶ್ವಾಸ ಹುಟ್ಟಿತು. ಸರ್ವೀಸಿನ ರಸೀದಿಗಳನ್ನು ಉಪಾಧ್ಯಾಯರು ಹಾಜರಿಪುಸ್ತಕದಂತೆ ಹೊಲಿದಿಟ್ಟಿದ್ದರು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಮೆಕ್ಯಾನಿಕ್ಕು ಓದಿ ತೋರಿಸಿದನು: 1120, ಎಂದರೆ 2020ರ ಹನ್ನೊಂದನೆಯ ವಾರದಲ್ಲಿ ತಯಾರಾದುದು. ಪಟ್ಟೆಗಳು ಸವೆದಿರದಿದ್ದರೂ ರಬ್ಬರು ಬಿರುಕು ಬಿಟ್ಟಿತ್ತು.

"ಮಾಷ್ಟ್ರೇ, ಆಗುಂಬೆಯವರೆಗೆ ಒಮ್ಮೆ ಹೋಗಿಬರೋಣವೆ?" ಎಂದೆನು. ಅವರು ನಕ್ಕು, ಹಿಂದಿನ ಸೀಟಿನಲ್ಲಿ ಬಂದು ಕುಳಿತರು.

ಸೀತಾನದಿಯ ಕಾಡನ್ನು ದಾಟಿ ಸೋಮೇಶ್ವರದಿಂದ ಏರು ಆರಂಭವಾಯಿತು. ಮಂಜು ಇನ್ನೂ ಮರಗಳ ನೆತ್ತಿಯಲ್ಲಿಯೇ ಇತ್ತು. ಕಟ್ಟೆಗಳ ಮೇಲೆ ಕೋತಿಗಳ ಸಂಸಾರ ಬಿಸಿಲು ಕಾಯುತ್ತಿತ್ತು. ಕ್ಲಚ್ಚು ಸೋತಿದ್ದರೆ ಏರಿನಲ್ಲಿ ಎಂಜಿನ್ನು ಬೊಬ್ಬೆಯಿಡುವುದು, ಗಾಡಿ ಮುಂದಕ್ಕೆ ಹೋಗದು. ಇಲ್ಲಿ ಹಾಗಾಗಲಿಲ್ಲ. ಅಗಲವಾದ ಎಡೆಯಲ್ಲಿ ನಿಲ್ಲಿಸಿ ಕೈಬ್ರೇಕು ಹಾಕಿದರೆ ಗಾಡಿ ಗೇಣಷ್ಟೂ ಹಿಂಜಾರಲಿಲ್ಲ. ಮೇಲೇರಿದ ಬಳಿಕವೂ ಎಂಜಿನ್ನಿನ ಬಿಸಿ ಮಿತಿಯಲ್ಲಿಯೇ ಇತ್ತು.

ಇಳಿಯುವಾಗ ಮಗಳನ್ನು ಚಾಲಕನ ಸ್ಥಾನದಲ್ಲಿ ಕುಳ್ಳಿರಿಸಿದೆವು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಸೂತ್ರವನ್ನು ಅವಳು ಪಾಲಿಸಿದಳು. ಎಂಟನೆಯ ತಿರುವನ್ನು ದಾಟಿದ ಮೇಲೆ, "ಅಪ್ಪಯ್ಯ, ಪೆಡಲು ಮೆತ್ತಗಾಯಿತು" ಎಂದಳು. ಗಾಡಿಯನ್ನು ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಿಸಿದೆವು. ಬ್ರೇಕಿನ ಕೊಳವೆಗಳಲ್ಲಿರುವ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ತೇವ ಸೇರಿದ ಹಳೆಯ ದ್ರವ ಘಟ್ಟದ ಬಿಸಿಗೆ ಕುದಿದು ಆವಿಯಾದರೆ ಪೆಡಲು ಸೋಲುತ್ತದೆ. ಎರಡು ವರುಷಕ್ಕೊಮ್ಮೆ ಅದನ್ನು ಬದಲಿಸಬೇಕು. ರಸೀದಿಗಳ ಕಟ್ಟನ್ನು ತಿರುವಿದ ಉಪಾಧ್ಯಾಯರು, ಒಮ್ಮೆಯೂ ಬದಲಿಸಿಲ್ಲವೆಂದು ತಾವಾಗಿಯೇ ಹೇಳಿದರು. ಉಡುಪಿಯ ಸಮರಸ್ತೆಯಲ್ಲಿ ನೂರು ಮೈಲಿ ಓಡಿಸಿದ್ದರೂ ಈ ದೋಷ ನಮಗೆ ತಿಳಿಯುತ್ತಿರಲಿಲ್ಲ. ಸಾವಿರಗಳಲ್ಲಿ ತೀರುವ ರಿಪೇರಿ ಅದು. ತಿಳಿಯದೆಹೋಗಿದ್ದರೆ ಅದರ ಬೆಲೆಯನ್ನು ಲೆಕ್ಕಹಾಕಲು ನನಗೆ ಮನಸ್ಸಿಲ್ಲ.

3,60,000 ರೂಪಾಯಿಗಳಿಗೆ ಮಾತಾಯಿತು. ದ್ರವವನ್ನೂ ಬ್ರೇಕಿನ ಪ್ಯಾಡುಗಳನ್ನೂ ಟಯರುಗಳನ್ನೂ ಹೊಸದು ಮಾಡಿಸಿದ ಮೇಲೆಯೇ ಗಾಡಿ ಮಗಳ ಕೈಗೆ ಹೋಯಿತು.

ಕಾಗದಪತ್ರಗಳಲ್ಲಿ ಉಪಾಧ್ಯಾಯರು ನಮಗಿಂತಲೂ ಕಟ್ಟುನಿಟ್ಟು. 29 ಮತ್ತು 30ನೆಯ ನಮೂನೆಗಳಿಗೆ ಕೂಡಲೇ ಸಹಿ ಮಾಡಿದರು. ಅವರು ಬ್ಯಾಂಕಿನ ಸಾಲವನ್ನು ತೀರಿಸಿದ್ದರೂ ನೋಂದಣಿಯಲ್ಲಿ ಅಡಮಾನದ ನಮೂದು ಉಳಿದಿತ್ತು; 35ನೆಯ ನಮೂನೆಯನ್ನೂ ಬ್ಯಾಂಕಿನ ಪತ್ರವನ್ನೂ ಕೊಟ್ಟು ಅದನ್ನು ಅಳಿಸಿಯೇ ಪೂರ್ತಿ ಹಣ ತೆಗೆದುಕೊಂಡರು. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ದಾಖಲೆಯಲ್ಲಿರುವ ಒಡೆಯನೇ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿರುವುದನ್ನು ನನಗೆ ತಿಳಿಸಿದವರೂ ಅವರೇ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಿದೆವು. ಹಿಂದಿನವರು ಗಳಿಸಿದ್ದ ರಿಯಾಯಿತಿ ಅವರೊಡನೆಯೇ ಹೋಗುವುದಾದ್ದರಿಂದ ಸ್ವಲ್ಪ ಹೆಚ್ಚು ಹಣ ಕಟ್ಟಬೇಕಾಯಿತು.

ಬರುವ ಮಳೆಗಾಲ ಮುಗಿಯುವವರೆಗೆ ಗಾಡಿ ಘಟ್ಟದ ಕೆಳಗೇ ಇರತಕ್ಕದ್ದು, ಊರಿಗೆ ಬರುವುದಾದರೆ ಬಸ್ಸಿನಲ್ಲಿ ಎಂಬ ಷರತ್ತನ್ನು ತಾಯಿ ಹಾಕಿದಳು, ಮಗಳು ಒಪ್ಪಿದಳು. ಬೀಗದಕೈಗಳು ಎರಡಿದ್ದುವು. ಒಂದನ್ನು ನಾನು ತೀರ್ಥಹಳ್ಳಿಗೆ ತಂದೆನು.