ಔಷಧದಾನವೂ ಸತ್ಯಾಣುವ್ರತವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಶ್ರಾವಕರು ವಿಶೇಷ ಆದರದಿಂದ ಮಾಡುತ್ತ ಬಂದಿದ್ದಾರೆ. ಕೊಡುವುದು ನಿಜವಾಗಿ ಔಷಧವೇ ಎಂದು ವಿಚಾರಿಸುವುದೂ ಆ ದಾನದ ಅಂಗವೇ ಆಗಿದೆ.

ಜೋಗಿಮಟ್ಟಿಯ ಏರನ್ನು ನಿತ್ಯವೂ ಹತ್ತುತ್ತಿದ್ದ ಚಿತ್ರದುರ್ಗದ ಶೇಂಗಾ ವರ್ತಕರೊಬ್ಬರು ಹೃದಯಾಘಾತದ ಬಳಿಕ ಜಿನಮಂದಿರದ ಮೆಟ್ಟಿಲನ್ನೂ ಏರಲಾರದವರಾದರು. ಆಕರಕೋಶಗಳ ಚುಚ್ಚುಮದ್ದಿನಿಂದ ಸತ್ತ ಹೃದಯಸ್ನಾಯುವನ್ನು ಮರಳಿ ಬೆಳೆಸುವೆವೆಂದು ದೂರದ ಚಿಕಿತ್ಸಾಲಯವೊಂದು ಭರವಸೆಯಿತ್ತು, ಲಕ್ಷಗಟ್ಟಲೆ ಹಣ ಕೇಳಿತು. ಮನೆಯವರು ಅಂಗಡಿಯನ್ನು ಅಡವಿಡಲು ಸಿದ್ಧರಾದರು. ಸಾಲದುದಕ್ಕೆ ಮಂದಿರದ ಟ್ರಸ್ಟಿಗೆ ಅರ್ಜಿ ಬರೆದರು.

ತೀವ್ರ ಆಘಾತದಲ್ಲಿ ಸುಮಾರು ನೂರು ಕೋಟಿ ಸ್ನಾಯುಕೋಶಗಳು ನಾಶವಾಗಬಲ್ಲವು. ಯೌವನದಲ್ಲಿಯೂ ವರ್ಷಕ್ಕೆ ಶೇಕಡ 1ರಷ್ಟು ಮಾತ್ರ ಹೊಸದಾಗಿ ಹುಟ್ಟುತ್ತವೆ. ಮೂಳೆಮಜ್ಜೆಯ ಆಕರಕೋಶಗಳು ಈ ನಷ್ಟವನ್ನು ತುಂಬಬಲ್ಲವೆಂದು 2001ರಲ್ಲಿ ಪಿಯೆರೊ ಅನ್ವೆರ್ಸಾ ಮತ್ತು ಸಂಗಡಿಗರು ಇಲಿಗಳ ಪ್ರಯೋಗದಿಂದ ಸಾರಿದರು. 2004ರಲ್ಲಿ ಅನ್ಯ ಪ್ರಯೋಗಶಾಲೆಗಳಿಗೆ ಆ ಫಲ ಕಾಣಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯವು, ಸುಳ್ಳು ಅಂಕಿಅಂಶಗಳಿವೆಯೆಂಬ ಕಾರಣಕ್ಕೆ, ಅನ್ವೆರ್ಸಾರ ಪ್ರಯೋಗಶಾಲೆಯ 31 ಲೇಖನಗಳನ್ನು ಹಿಂತೆಗೆಯಲು ಸೂಚಿಸಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆ ಇದಲ್ಲದೆ ಮತ್ತೇನು? ವರ್ತಕನ ಸುಳ್ಳುಲೆಕ್ಕ ಸಾಲ ಕೊಟ್ಟವನನ್ನು ಕೆಡಿಸುತ್ತದೆ. ವಿಜ್ಞಾನಿಯ ಸುಳ್ಳುಲೆಕ್ಕ ರೋಗಿಯನ್ನು ಕೆಡಿಸುತ್ತದೆ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯೂ ಹೃದಯಾಘಾತವಾದ 20 ಮಂದಿಯಲ್ಲಿ ಇಂತಹ ಕೋಶಗಳನ್ನು ಪರೀಕ್ಷಿಸಿತು. ಅಪಾಯ ಕಾಣಲಿಲ್ಲ, ಆದರೆ ಹೃದಯದ ಬಲದಲ್ಲಿ, ಕೋಶ ಪಡೆದವರಿಗೂ ಪಡೆಯದವರಿಗೂ ಗಣನೀಯ ಅಂತರವಿರಲಿಲ್ಲ. 2015ರ ವರದಿಯಲ್ಲಿ ಅದನ್ನು ಇದ್ದಂತೆಯೇ ಬರೆಯಲಾಯಿತು. ಫಲ ಅಲ್ಪವಾದರೂ ಲೆಕ್ಕ ಶುದ್ಧವಾಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ರಕ್ತಸಂಬಂಧಿ ರೋಗಗಳಿಗೆ ಮಾಡುವ ರಕ್ತೋತ್ಪಾದಕ ಆಕರಕೋಶಗಳ ಕಸಿಯ ಹೊರತು ಉಳಿದುದೆಲ್ಲವನ್ನೂ ಪರೀಕ್ಷಾರ್ಥವಾಗಿ ಮಾತ್ರ ನಡೆಸಬೇಕೆನ್ನುತ್ತದೆ. ಪರೀಕ್ಷೆಗೆ ಒಳಪಡುವವರಿಂದ ಅದಕ್ಕಾಗಿ ಹಣ ಪಡೆಯುವಂತಿಲ್ಲ. ಆದುದರಿಂದ ಎಲ್ಲಿ ಶುಲ್ಕ ಕೇಳುವರೋ ಅಲ್ಲಿಯೇ ಸಂಶಯ ಪಡಬೇಕು.

ಟ್ರಸ್ಟು ಚುಚ್ಚುಮದ್ದಿಗೆ ಹಣ ಕೊಡಲಿಲ್ಲ. ವೈದ್ಯರು ಬರೆದ ಮಾತ್ರೆಗಳ ಹಾಗೂ ತಪಾಸಣೆಯ ವೆಚ್ಚವನ್ನು ವಹಿಸಿಕೊಂಡಿತು. ಮನೆಯವರಿಗೆ ನೋವಾಯಿತು, ಅದು ಸಹಜ. ಕಡೆಯ ಆಸೆಗೆ ಅಡ್ಡಬರುವುದು ಯಾವ ಧರ್ಮದರ್ಶಿಗೂ ಸುಲಭವಲ್ಲ. ಆದರೂ ಕರುಣೆಯ ಹೆಸರಿನಲ್ಲಿ ಅಸತ್ಯಕ್ಕೆ ಬೆಲೆ ತೆತ್ತರೆ ರೋಗಿಯ ವ್ಯಾಧಿಯೂ ಉಳಿಯುತ್ತದೆ, ಮನೆಯವರ ಮೇಲೆ ಸಾಲವೂ ಬೀಳುತ್ತದೆ. ವಿವೇಕವಿದ್ದಾಗಲೇ ಧನವು ದಾನವೆನಿಸುತ್ತದೆ.